ಜಿಂಕೆಗೆ ಬಿತ್ತಿದ ಅವರೆ

ಆರನೆಯ ಕಂತು

"ಜಿಂಕಿ ತಿಂದಾವ ಬಿಡು ತಂಗಿ," ಎಂದರು ಶಂಕ್ರವ್ವ. "ಜಿಂಕಿಗಂತನ ಬಿತ್ತಿದ್ದು, ಜಿಂಕಿ ತಿಂದಾವ. ಅದರಾಗ ನೋಡೂದೇನೈತಿ?"

ನಾನು ಅವರೆ ಸಾಲಿನ ಮುಂದೆ ಮಂಡಿಯೂರಿ ಕೂತು, ಬಳ್ಳಿಯಲ್ಲಿ ಕಾಯಿ ಇರಬೇಕಾದ ಜಾಗ ಯಾಕೆ ಖಾಲಿ ಇದೆ ಎಂದು ನೋಡುತ್ತಿದ್ದೆ. ಬೆಳಗ್ಗೆ ಒಂಬತ್ತಾದರೂ ಎಲೆಗಳ ಮೇಲಿನ ಇಬ್ಬನಿ ಆರಿರಲಿಲ್ಲ. ಪ್ಯಾಂಟಿನ ಮಂಡಿ ಒದ್ದೆಯಾಯಿತು. ಚಳಿ ಎನಿಸಬೇಕಿತ್ತು, ಎನಿಸಲಿಲ್ಲ.

ಸ್ಯಾನ್ ಡಿಯಾಗೋದಿಂದ ಗುಡ್ಡದ ದಾರಿಯಲ್ಲಿ ಒಂದು ಗಂಟೆ ಒಳಕ್ಕೆ ಬಂದರೆ ಓಕ್ ಮರಗಳ ನಡುವೆ ಅರ್ಧ ಎಕರೆಯ ಈ ಬಯಲು. ಹದಿಮೂರು ದಿನಗಳ ಹಿಂದೆ, ನವೆಂಬರ್ ಆರರ ಭಾನುವಾರ, ಜಮೀನಿನ ಒಡೆಯ ಜಯಂತ ಇಲ್ಲಿಂದ ಕಾಣೆಯಾದ. ಹುಲ್ಲಿನ ಮೇಲೆ ಅವನ ರಕ್ತ ಸಿಕ್ಕಿತು, ಅವನು ಸಿಗಲಿಲ್ಲ. ನಿನ್ನೆ ಸಂಜೆ ಪೊಲೀಸರು ಅವನ ಗೆಳೆಯ ಸಂಗಮೇಶನನ್ನು ಹಿಡಿದು ಒಳಗೆ ಹಾಕಿದರು. ಮಂಗಳವಾರದೊಳಗೆ ಅವನ ಮೇಲೆ ಕೊಲೆ ಕೇಸು ಹಾಕಬೇಕು, ಇಲ್ಲವೇ ಬಿಟ್ಟು ಕಳಿಸಬೇಕು. ಶಂಕ್ರವ್ವ ಅವನ ತಾಯಿ. ಮಗನ ಮೇಲೆ ಅನುಮಾನ ಬಿದ್ದಾಗಲೇ, ಐದು ದಿನದ ಹಿಂದೆ, ನನಗೆ ಈ ಪತ್ತೆಯ ಕೆಲಸ ಒಪ್ಪಿಸಿದವರು ಅವರೇ.

ಅರವತ್ತೈದರ ಗಟ್ಟಿ ಹೆಂಗಸು. ಗದಗಿನ ಕಡೆಯವರು, ಮಗನನ್ನು ನೋಡಲು ಜುಲೈನಲ್ಲಿ ಬಂದವರು. ಗೇಟಿನಿಂದ ಇಲ್ಲಿಯವರೆಗಿನ ಏರನ್ನು ನನಗಿಂತ ಮೊದಲು ಹತ್ತಿ ಮುಗಿಸಿದ್ದರು.

ಈ ದೇಶದಲ್ಲಿ ಬೇಟೆಯ ಹುಚ್ಚು ಹಿಡಿದವರು ಜಿಂಕೆಗಾಗಿಯೇ ಬೆಳೆ ಬೆಳೆಯುತ್ತಾರೆ. ಜಯಂತನಿಗೆ ಬೇಟೆ ಬೇಡವಾಗಿತ್ತು, ಫೋಟೊ ಬೇಕಿತ್ತು. ಸಂಗಮೇಶನಿಗೆ ಬಂದೂಕೂ ಇತ್ತು, ಲೈಸೆನ್ಸೂ ಇತ್ತು. ಧಾರವಾಡದಲ್ಲಿ ಅಗ್ರಿ ಓದಿ ಎಸ್ಕಾಂಡಿಡೊದಲ್ಲಿ ಗಿಡಗಳ ನರ್ಸರಿ ನಡೆಸುವ ಅವನೇ ಇದನ್ನೆಲ್ಲ ಬಿತ್ತಿದ್ದು. ನಡುವೆ ಕ್ಲೋವರ್ ಹುಲ್ಲು, ಓಟ್ಸ್. ಜಿಂಕೆ ಬಯಲಿಗೆ ಬಂದು ನಿಲ್ಲಲಿ ಎಂದು. ಸುತ್ತಲೂ ಆಳೆತ್ತರದ ಜೋಳ. ಮರೆ ಇದ್ದರೆ ಅದಕ್ಕೆ ಧೈರ್ಯ ಎಂದು. ಜೋಳದ ನಡುವೆ ಅಕ್ಕಡಿ ಸಾಲಾಗಿ ಅವರೆ.

ಅಮೆರಿಕದ ಜಿಂಕೆಗೆ ಅವರೆ ಎಂದರೆ ಪ್ರಾಣವಂತೆ. ಚೀಲದ ಮೇಲೆ ಲ್ಯಾಬ್‌ಲ್ಯಾಬ್ ಎಂದು ಬರೆದು, ಕೊಂಬಿನ ಗಂಡು ಜಿಂಕೆಯ ಚಿತ್ರ ಹಾಕಿ ಮಾರುತ್ತಾರೆ. ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ. ಇಷ್ಟು ಅವರೆಯನ್ನು ಜಿಂಕೆಯ ಬಾಯಿಗೆ ಹಾಕುತ್ತಾರೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು.

"ಇಲ್ಲಿ ನೋಡಿ ಅಮ್ಮ," ಎಂದೆ. "ಹೊರಗಿನ ಸಾಲು ಜಿಂಕೆ ತಿಂದಿರೋದು. ಕುಡಿ, ಎಲೆ, ಕಾಯಿ ಎಲ್ಲಾ ಸೇರಿಸಿ ಹರಿದಿದೆ. ಈ ಒಳಗಿನ ಸಾಲಲ್ಲಿ ಒಂದು ಎಲೆನೂ ಹೋಗಿಲ್ಲ. ಕಾಯಿ ಮಾತ್ರ ಹೋಗಿದೆ."

"ಹಕ್ಕಿ?"

"ಹಕ್ಕಿ ಕಾಯಿ ಕುಕ್ಕತ್ತೆ. ತೊಟ್ಟು ಮುರಿದು ಬಿಡಿಸಿಕೊಳ್ಳಲ್ಲ."

ಶಂಕ್ರವ್ವ ಬಗ್ಗಿ ನೋಡಿದರು. ಹೊಲದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಹೇಳಿದೆ, ನನಗೆ ಮಾತಾಡುತ್ತ ಯೋಚಿಸುವ ಚಾಳಿ.

ಕಿತ್ತವರು ಬಲಿತ ಕಾಯಿಯನ್ನಷ್ಟೇ ಕಿತ್ತಿದ್ದರು. ಎಳೆಯದನ್ನು ಮುಟ್ಟಿರಲಿಲ್ಲ, ಅವು ಆಮೇಲೆ ತುಂಬಿಕೊಂಡು ಈಗ ಬಳ್ಳಿಯಲ್ಲಿ ತೂಗುತ್ತಿದ್ದವು. ಮುರಿದ ತೊಟ್ಟಿನ ತುದಿ ಒಣಗಿ ಕಂದು ತಿರುಗಿತ್ತು. ಅಂದರೆ ನಿನ್ನೆ ಮೊನ್ನೆಯ ಕೆಲಸವಲ್ಲ, ಹತ್ತಿರ ಹತ್ತಿರ ಎರಡು ವಾರವಾಗಿದೆ.

ಫೋನು ತೆಗೆದು ಜಯಂತ ತೆಗೆದ ಕೊನೆಯ ಫೋಟೊ ತೋರಿಸಿದೆ. ಕಾಣೆಯಾಗುವ ಹಿಂದಿನ ದಿನ, ಶನಿವಾರ ಸಂಜೆ, ಇದೇ ಸಾಲಿನ ಪಕ್ಕದಲ್ಲಿ ನಿಂತು ತೆಗೆದು ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಕಾಯಿ ಗೊಂಚಲು ಗೊಂಚಲಾಗಿ ಇದ್ದವು. ಭಾನುವಾರ ಸಂಜೆ, ಗುಡ್ಡ ಹತ್ತಲು ಬಂದವರು ಯಾರೋ ರಕ್ತ ಕಂಡು ಫೋನ್ ಮಾಡಿದ ಮೇಲೆ, ಪೊಲೀಸರು ಬಂದು ಸುತ್ತ ಹಳದಿ ಪಟ್ಟಿ ಕಟ್ಟಿದರು. ಬಿಚ್ಚಿದ್ದು ಮೊನ್ನೆ ಗುರುವಾರ.

"ನಡುವೆ ಉಳಿದಿದ್ದು ಭಾನುವಾರ ಹಗಲು ಒಂದೇ," ಎಂದೆ. "ಆವತ್ತು ಈ ಸಾಲಲ್ಲಿ ಯಾರೋ ಕೂತು ಅವರೆಕಾಯಿ ಬಿಡಿಸಿದಾರೆ."

"ಯಾರು?"

"ನಮ್ಮವರೇ. ಇಲ್ಲಿನವರು ಇದನ್ನ ತಿನ್ನಲ್ಲ. ಬೆರಳಲ್ಲಿ ಒತ್ತಿ, ಕಾಳು ತುಂಬಿದೆಯಾ ನೋಡಿ, ಆಮೇಲೆ ಕೀಳೋದು ಇಲ್ಲಿ ಯಾರಿಗೆ ಗೊತ್ತು?"

ಸಾಲಿನಿಂದ ರಕ್ತ ಬಿದ್ದಿದ್ದ ಜಾಗಕ್ಕೆ ನಡೆದು ಅಳೆದೆ. ಹನ್ನೆರಡು ಹೆಜ್ಜೆ. ಅದರಾಚೆ ಓಕ್ ಮರದ ಮೇಲೆ ಸಂಗಮೇಶ ಕಟ್ಟಿಕೊಂಡಿದ್ದ ಅಟ್ಟಣೆ. ಅದರ ಕೆಳಗೆ ಸಿಕ್ಕ ಖಾಲಿ ತೋಟೆ ಅವನ ಬಂದೂಕಿನದೇ. ಶನಿವಾರ ಗುರಿ ಸರಿಮಾಡಿಕೊಳ್ಳಲು ಹಾರಿಸಿದ್ದು ಎಂದು ಅವನು ಹೇಳುತ್ತಾನೆ. ಭಾನುವಾರ ಇಡೀ ದಿನ ಮನೆಯಲ್ಲಿದ್ದೆ ಎನ್ನುತ್ತಾನೆ. ಅದಕ್ಕೆ ಸಾಕ್ಷಿ ಅವನ ತಾಯಿ ಒಬ್ಬರೇ, ತಾಯಿಯ ಸಾಕ್ಷಿಯನ್ನು ಪೊಲೀಸರು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಕಾಯಿ ಕಿತ್ತು ಮೂಸಿದೆ. ಸೊನೆ ಬೆರಳಿಗೆ ಅಂಟಿತು. ಇಪ್ಪತ್ತೆರಡು ವರ್ಷದ ಮೇಲೆ ಆ ವಾಸನೆ. ಏನಾದರೂ ಆಗಬೇಕಿತ್ತು ನನಗೆ. ಏನೂ ಆಗಲಿಲ್ಲ. ಕಾಯನ್ನು ಜೇಬಿಗೆ ಹಾಕಿಕೊಂಡು ಕಾರಿನ ಕಡೆ ನಡೆದೆ.

ಓದುಗರಿಗೆ ಇದನ್ನು ಹೇಳಿಬಿಡುವುದೇ ವಾಸಿ. ನಾನು ನಿರುಪಮಾ, ಬರ್ಬ್ಯಾಂಕಿನಲ್ಲಿ ಒಂದು ಕೋಣೆಯ ಆಫೀಸು ಇಟ್ಟುಕೊಂಡಿರುವ ಪತ್ತೇದಾರಳು. ಸಿನಿಮಾ ಸ್ಟುಡಿಯೋಗಳಿಗೆ ಕೆಲಸಕ್ಕೆ ಬರುವವರ ಪೂರ್ವಾಪರ ವಿಚಾರಿಸುವುದು ನನ್ನ ದಿನದ ಕೆಲಸ. 2020ರ ಡಿಸೆಂಬರಿನಲ್ಲಿ ನನ್ನ ಗಂಡ ರಾಘವ್ ಆಸ್ಪತ್ರೆಯಲ್ಲಿ ತೀರಿಕೊಂಡ. ಒಳಗೆ ಬಿಡಲಿಲ್ಲ, ಐಪ್ಯಾಡಿನಲ್ಲಿ ನೋಡಿದೆ. ಅಂದಿನಿಂದ ನನಗೆ ಏನೂ ಆಗುವುದಿಲ್ಲ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಅಷ್ಟೆ. ಈ ಕಸುಬಿಗೆ ಅದು ಅನುಕೂಲ ಎಂದುಕೊಂಡಿದ್ದೆ.

ಪೊವೇ ಊರಿನ ಕಡೆ ಗುಡ್ಡ ಇಳಿಯುವ ಮುಕ್ಕಾಲು ಗಂಟೆ ನಾನು ಮಾತಾಡುತ್ತಲೇ ಇದ್ದೆ. ಶಂಕ್ರವ್ವ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದರು.

"ಹಂಗಾದ್ರ ಅಲ್ಲಿ ಕುಂತವರು ಎಲ್ಲಾ ಕಂಡಿರ್ತಾರ?"

"ಕಂಡಿರಲೇಬೇಕು. ಹನ್ನೆರಡೇ ಹೆಜ್ಜೆ. ನಿಮ್ಮ ಮಗ ಅಲ್ಲಿರಲಿಲ್ಲ ಅಂತ ಹೇಳೋಕೆ ಒಬ್ಬರು ಇದಾರೆ ಅಂತಾಯ್ತು. ಮಂಗಳವಾರದೊಳಗೆ ಅವರ ಬಾಯಿ ಬಿಡಿಸಿದ್ರೆ ಸಂಗಮೇಶ ಮನೆಗೆ ಬರ್ತಾನೆ."

"ಯಾರಂತ ನಿನಗ ಗೊತ್ತಾಗೇತೇನು?"

"ಅಂದಾಜಿದೆ. ಆ ಜಾಗ ಗೊತ್ತಿರೋ ಬೆಂಗಳೂರು ಕಡೆಯವರು ಎಷ್ಟು ಜನ?"

ಶಂಕ್ರವ್ವ ಕಿಟಕಿಯ ಕಡೆ ತಿರುಗಿದರು. "ನಾ ಆ ಹೊಲಾ ಇವತ್ತ ಮೊದಲ ಸಲ ನೋಡಿದ್ದು," ಎಂದರು. "ಪೀಕ ಭಾಳ ಚೊಲೋ ಐತಿ. ಪಾಪ, ನನ್ನ ಮಗ ಎಷ್ಟ ಬೆವರ ಸುರಿಸ್ಯಾನ." ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಮಗನ ಚಿಂತೆ ಎಂದುಕೊಂಡೆ.

ಜಯಂತನ ಮನೆಯ ಮುಂದೆ ಕಾರು ನಿಲ್ಲಿಸಿ ಅವರಿಗೆ ಹೇಳಿದೆ, "ನೀವು ಇಲ್ಲೇ ಕೂತಿರಿ ಅಮ್ಮ. ಅವರಿಗೂ ಕಷ್ಟ, ನಿಮಗೂ ಕಷ್ಟ." ಅವರು ತಲೆಯಾಡಿಸಿದರು.

ಜಯಂತನ ಹೆಂಡತಿ ರಾಜಲಕ್ಷ್ಮಿಯನ್ನು ಆ ವಾರದಲ್ಲಿ ಆಗಲೇ ಎರಡು ಸಲ ನೋಡಿದ್ದೆ. ನಲವತ್ತೊಂದು ವಯಸ್ಸು, ಬಸವನಗುಡಿಯ ಹುಡುಗಿ, ಇಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ನಾನು ಯಾರ ಪರವಾಗಿ ಬಂದವಳು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡೂ ಸಲ ಅವರು ಅತ್ತಿರಲಿಲ್ಲ. ಪೊಲೀಸರು ಅದನ್ನೇ ಅನುಮಾನದಿಂದ ಬರೆದುಕೊಂಡಿದ್ದರು. ನಾನು ಮಾತ್ರ ಅವರನ್ನು ನಂಬಿದೆ. ಮರಗಟ್ಟಿದ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು, ದಿನಾ ಬೆಳಗ್ಗೆ ಕನ್ನಡಿಯಲ್ಲಿ ಕಾಣುತ್ತೇನೆ. ಆ ಜಮೀನಿಗೆ ತಾನು ಕಾಲೇ ಇಟ್ಟಿಲ್ಲ, ಅದು ಗಂಡಸರ ಹುಚ್ಚು ಎಂದು ಅವರು ಹೇಳಿದಾಗಲೂ ನಂಬಿದೆ.

ಬಾಗಿಲು ತೆರೆದವರೇ, "ಬನ್ನಿ ನಿರುಪಮಾ ಅವರೇ. ತಿಂಡಿ ಆಯ್ತಾ?" ಎಂದರು.

ಮನೆ ಚೊಕ್ಕಟವಾಗಿತ್ತು. ಜಯಂತನ ಹೆಸರಿಗೆ ಬಂದ ಟಪಾಲನ್ನು ಟೀಪಾಯಿಯ ಮೇಲೆ ಅಳತೆಯ ಪ್ರಕಾರ ಜೋಡಿಸಿಟ್ಟಿದ್ದರು. ನಾನು ಆಯಿತು ಎನ್ನುವ ಮೊದಲೇ ತಟ್ಟೆ ಬಂತು. ಉಪ್ಪಿಟ್ಟು. ಅವರೆಕಾಳು ಉಪ್ಪಿಟ್ಟು.

ಒಂದು ಚಮಚ ಬಾಯಿಗಿಟ್ಟೆ. ಆಮೇಲೆ ಚಮಚ ಕೆಳಗಿಟ್ಟೆ.

"ಅವರೆಕಾಳು ಎಲ್ಲಿ ಸಿಕ್ತು?"

"ಇಂಡಿಯನ್ ಸ್ಟೋರಲ್ಲಿ. ಫ್ರೋಜನ್."

"ಆ ಫ್ರೋಜನ್ ಪ್ಯಾಕೆಟ್ಟನ್ನ ಇಪ್ಪತ್ತು ವರ್ಷದಿಂದ ನಾನೂ ತಿಂತಾ ಇದೀನಿ ರಾಜಲಕ್ಷ್ಮಿ. ಅದಕ್ಕೆ ವಾಸನೆನೇ ಇರಲ್ಲ. ಇದರಲ್ಲಿ ಸೊನೆ ಇದೆ."

ಅವರು ತಮ್ಮ ತಟ್ಟೆಯಿಂದ ಇನ್ನೊಂದು ಚಮಚ ತಿಂದರು. ಅಗಿದರು, ನುಂಗಿದರು.

ಜೇಬಿನಿಂದ ಕಾಯಿ ತೆಗೆದು ಮೇಜಿನ ಮೇಲಿಟ್ಟೆ. "ಈಗ ತಾನೆ ಅಲ್ಲಿಂದ ಬಂದೆ. ಒಳಗಿನ ಸಾಲು. ಬಲಿತದ್ದನ್ನ ಮಾತ್ರ ನೋಡಿ ನೋಡಿ ಬಿಡಿಸಿದಾರೆ. ಫ್ರೀಜರ್ ತೆಗೆದು ನೋಡಲಾ?"

"ಬೇಡ. ಇನ್ನೂ ಎರಡು ಡಬ್ಬಿ ಕಾಳು ಇದೆ."

ಅಷ್ಟು ಸುಲಭಕ್ಕೆ ಹೇಳಿಬಿಟ್ಟರು. ಹಾಲು ಮುಗಿದಿದೆ ಎನ್ನುವ ಧ್ವನಿಯಲ್ಲಿ.

"ಆ ಕಾಯೊಂದೇ ನಿಮ್ಮನ್ನ ಅಲ್ಲಿಗೆ ಕಟ್ಟಿಹಾಕತ್ತೆ. ಗೊತ್ತಿರ್ಲಿಲ್ವಾ? ಬಿಸಾಡಬಹುದಿತ್ತಲ್ಲ?"

ರಾಜಲಕ್ಷ್ಮಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. "ಹೇಗೆ ಬಿಸಾಡೋದು? ಅಷ್ಟು ಒಳ್ಳೆ ಕಾಯಿ."

ನಾನಾಗಿದ್ದರೂ ಬಿಸಾಡುತ್ತಿರಲಿಲ್ಲ.

"ಅವ್ರು ನಂಗೆ ಕೀಳೋಕೆ ಬಿಡ್ತಿರ್ಲಿಲ್ಲ," ಎಂದರು ಅವರು. "ಜಿಂಕೆಗೆ ಅಂತ ಹಾಕಿರೋದು, ಮುಟ್ಬೇಡ ಅಂತಿದ್ರು. ಕಾಯಿ ಕಮ್ಮಿಯಾದ್ರೆ ಜಿಂಕೆ ಬರಲ್ವಂತೆ. ಶನಿವಾರ ಆ ಫೋಟೊ ಹಾಕಿದ್ರಲ್ಲ, ನೋಡಿ ನಂಗೆ ತಡ್ಕೊಳೋಕಾಗ್ಲಿಲ್ಲ. ಭಾನುವಾರ ಬೆಳಗ್ಗೆ ರೆಡೊಂಡೊ ಬೀಚಿಗೆ ಹೋಗ್ತೀನಿ, ಫ್ರೆಂಡ್ ಮನೇಲಿ ಊಟ ಅಂತ ಹೊರಟ್ರು. ಸರಿ, ಇವತ್ತು ಅಲ್ಲಿ ಯಾರೂ ಇರಲ್ಲ, ಒಂದು ಬ್ಯಾಗ್ ಕಿತ್ಕೊಂಡು ಬಂದ್ಬಿಡೋಣ ಅಂತ ನನ್ನ ಕಾರಲ್ಲಿ ಹೋದೆ. ಹಿಂದಿನ ಗೇಟಿಂದ."

"ಕದ್ದು."

"ಹೂಂ. ನಮ್ಮ ಜಮೀನಲ್ಲೇ ಕದ್ದು."

ನಗುವಂಥ ಮಾತು. ಇಬ್ಬರೂ ನಗಲಿಲ್ಲ.

"ರೆಡೊಂಡೊ ಬೀಚಿಗೆ ಹೋಗಿಲ್ಲ ಅಂತ ಯಾವಾಗ ಗೊತ್ತಾಯ್ತು?"

"ಅರ್ಧ ಬ್ಯಾಗ್ ಆಗಿತ್ತು. ಜೋಳದ ಆಚೆ ಅವ್ರ ದನಿ ಕೇಳ್ತು. ನೋಡಿದ್ರೆ ಬೈತಾರೆ ಅಂತ ಬಗ್ಗಿ ಕೂತೆ."

"ಜಗಳ ಆಡ್ತಿದ್ರಾ ಯಾರ ಜೊತೆನಾದ್ರೂ?"

"ಇಲ್ಲ. ನಗ್ತಾ ಇದ್ರು. ಬೇಗ ಇಳಿದು ಬಾರೋ ಅಂತ ಯಾರಿಗೋ ಹೇಳ್ತಾ ಇದ್ರು. ಆಮೇಲೆ ಗುಂಡಿನ ಶಬ್ದ. ಜೋಳದ ಸಂದೀಲಿ ಅವ್ರು ಬಿದ್ದಿದ್ದು ಕಾಣ್ತಿತ್ತು. ಅಲ್ಲಾಡಲಿಲ್ಲ."

"ನೀವು ಏನು ಮಾಡಿದ್ರಿ?"

"ಕಿತ್ತೆ."

"ಏನು?"

"ಕಾಯಿ. ಕೈ ನಿಲ್ಲಲಿಲ್ಲ ನಿರುಪಮಾ ಅವರೇ. ಕೂಗೋಣ ಅನ್ನಿಸ್ತು, ಆಗ್ಲಿಲ್ಲ. ಎದ್ದು ಓಡೋಣ ಅನ್ನಿಸ್ತು, ಅದೂ ಆಗ್ಲಿಲ್ಲ. ಕೈ ಮಾತ್ರ ಅದರ ಪಾಡಿಗೆ ಕೀಳ್ತಾ ಇತ್ತು. ಒತ್ತಿ ನೋಡೋದು, ಕೀಳೋದು. ಒತ್ತಿ ನೋಡೋದು, ಕೀಳೋದು. ಅವ್ರನ್ನ ಎತ್ಕೊಂಡು ಹೋಗೋವರೆಗೂ ಹಾಗೇ. ನೋಡಿದ್ರೆ ಬ್ಯಾಗ್ ತುಂಬಿತ್ತು."

ಇದನ್ನು 'ಕಟ್ಟುಕಥೆ' ಎನ್ನುವವರು ಇರುತ್ತಾರೆ. ನಾನು ಎನ್ನಲಾರೆ. ಐಪ್ಯಾಡ್ ಕಪ್ಪಾದ ಮೇಲೆ ನಾನು ಆ ದಿನ ಮನೆಯಲ್ಲಿದ್ದ ಟವೆಲುಗಳನ್ನೆಲ್ಲ ತೆಗೆದು ಮತ್ತೆ ಮಡಿಸಿದ್ದೆ. ಮೂವತ್ತೊಂದು ಟವೆಲು. ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಸಂಜೆ ಅವರ ಫೋನ್ ಬಂತು. ಬೆಳಗ್ಗೆ ಎಲ್ಲಿದ್ರಿ ಅಂದ್ರು. ಮನೇಲಿ ಅಂದೆ. ಬಾಯಿಗೆ ಅದೇ ಬಂತು. ಒಂದ್ಸಲ ಹಾಗಂದ ಮೇಲೆ ಹೇಗೆ ಬದಲಾಯಿಸೋದು? ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇಷ್ಟು ದಿನ ಆಯ್ತು. ಕಾಳು ಬಿಡಿಸಿದೆ, ನೆನೆಹಾಕಿದೆ, ಹಿತುಕಿದೆ. ಮಾಡೋಕೆ ಬೇರೆ ಏನೂ ಇರ್ಲಿಲ್ಲ."

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. "ಈಗ ಹೇಳಲೇಬೇಕು. ಅಲ್ಲಿ ಎಸ್ಕಾಂಡಿಡೊದ ಒಬ್ಬ ತಾಯಿ ಮಗನಿಗಾಗಿ ಕಾದು ಕೂತಿದಾರೆ. ಮಂಗಳವಾರದ ಹೊತ್ತಿಗೆ ಅವನ ಹಣೆಬರಹ ಬರೆದಾಗತ್ತೆ. ಸಂಗಮೇಶ ಅಲ್ಲಿರಲಿಲ್ಲ ಅಂತ ನೀವೊಬ್ಬರೇ ಹೇಳಬಲ್ಲವರು."

"ಇದ್ದ."

"ಏನು?"

"ಸಂಗಮೇಶ ಇದ್ದ. ಅಟ್ಟಣೆ ಮೇಲಿಂದ ಹೊಡೆದಿದ್ದೇ ಅವನು. ಬಂದೂಕು ಹಿಡ್ಕೊಂಡೇ ಇಳಿದ. ನಾನು ಕಣ್ಣಾರೆ ನೋಡಿದೀನಿ."

ಅಡಿಗೆಮನೆಯಲ್ಲಿ ಡಿಶ್‌ವಾಷರ್ ಓಡುತ್ತಿತ್ತು. ನಾನು ಮೇಜಿನ ಮೇಲಿದ್ದ ಕಾಯನ್ನು ಎತ್ತಿ ಮತ್ತೆ ಜೇಬಿಗೆ ಹಾಕಿಕೊಂಡೆ. ಐದು ದಿನ ಹುಡುಕಿ, ಅವರೆಕಾಯಿಯ ತೊಟ್ಟು ಹಿಡಿದು, ನನ್ನ ಕಕ್ಷಿಗಾರರ ಮಗನನ್ನು ಜೈಲಿಗೆ ಕಳಿಸುವ ಏಕೈಕ ಸಾಕ್ಷಿಯನ್ನು ನಾನೇ ಪತ್ತೆ ಮಾಡಿದ್ದೆ. ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

"ಯಾಕೆ ಹೊಡೆದ?"

"ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ. ನಮ್ಮನೇಲೇ ಉಂಡವನು. ಇವರನ್ನ ಅಣ್ಣಾ ಅಂತಿದ್ದ."

"ಒಬ್ಬನೇ ಎತ್ಕೊಂಡು ಹೋದನಾ? ಎಲ್ಲಿಗೆ?"

"ಒಬ್ಬನೇ ಅಲ್ಲ. ಜೋಳದ ಆಚೆ ಪಿಕಪ್ ನಿಲ್ಲಿಸಿದ್ರು, ಅದರಲ್ಲಿ ಹಾಕಿಕೊಂಡು ಹೋದ್ರು. ಎಲ್ಲಿಗೋ ಗೊತ್ತಿಲ್ಲ. ತಲೆ ಕಡೆ ಅವನು ಹಿಡಿದಿದ್ದ. ಕಾಲು ಅವನ ತಾಯಿ ಹಿಡಿದಿದ್ರು."

ನಾನು ಮತ್ತೆ ಕೇಳಿದೆ. ಸರಿಯಾಗಿ ಕೇಳಿಸಿತ್ತು, ಆದರೂ ಕೇಳಿದೆ.

"ಅವನ ತಾಯಿ," ಎಂದರು ರಾಜಲಕ್ಷ್ಮಿ. "ಊರಿಂದ ಬಂದಿದಾರಲ್ಲ, ಅವರು. ಗಣೇಶನ ಹಬ್ಬಕ್ಕೆ ಇಲ್ಲಿಗೆ ಬಂದು ನನ್ನ ಜೊತೆ ಕೂತು ಕಡುಬು ಮಾಡಿಕೊಟ್ಟಿದ್ರು. ಆವತ್ತು ಹೊಲದಲ್ಲಿ ಅವರೇ ಧೈರ್ಯವಾಗಿದ್ದಿದ್ದು. ಹುಡುಗ ನಡುಗ್ತಾ ಇದ್ದ. ಲಗೂ ಎತ್ತೋ ಅಂತ ಅವನನ್ನ ಗದರಿದ್ರು."

ಆ ಹೊಲಾ ಇವತ್ತ ಮೊದಲ ಸಲ ನೋಡಿದ್ದು ಎಂದಿದ್ದರು ಶಂಕ್ರವ್ವ.

ರಾಜಲಕ್ಷ್ಮಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. ನನ್ನ ಉಪ್ಪಿಟ್ಟು ಹಾಗೇ ಇತ್ತು, ಅದನ್ನು ನೋಡಿ ಬೇಜಾರು ಮಾಡಿಕೊಂಡಂತೆ ಕಂಡರು.

"ಒಂದೇ ಸಮಾಧಾನ," ಎಂದರು. "ಅವರು ನನ್ನ ನೋಡಿಲ್ಲ. ನಾನು ಅಲ್ಲಿದ್ದೆ ಅಂತ ಈ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಈಗ ನಿಮಗೊಬ್ಬರಿಗೆ. ಅಲ್ವಾ?"

ಗುಡ್ಡ ಇಳಿಯುವ ಮುಕ್ಕಾಲು ಗಂಟೆ. ಒಳಗಿನ ಸಾಲು, ಭಾನುವಾರ ಹಗಲು, ಹನ್ನೆರಡು ಹೆಜ್ಜೆ, ಬೆಂಗಳೂರು ಕಡೆಯವರು. ಒಂದನ್ನೂ ಬಿಡದೆ ನಾನೇ ಬಿಡಿಸಿ ಬಿಡಿಸಿ ಹೇಳಿದ್ದೆ. ಹೇಳಿ ಮುಗಿಸಿ, ನೇರವಾಗಿ ಈ ಮನೆಯ ಮುಂದೆ ತಂದು ಕಾರು ನಿಲ್ಲಿಸಿದ್ದೆ.

"ಅಲ್ವಾ ನಿರುಪಮಾ ಅವರೇ?"

ಕಾಲಿಂಗ್ ಬೆಲ್ ಆಯಿತು.

"ಪಾರ್ಸೆಲ್ ಇರ್ಬೇಕು," ಎಂದು ರಾಜಲಕ್ಷ್ಮಿ ಎದ್ದರು.

ನಾನು ಅವರ ಕೈ ಹಿಡಿದೆ. ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವರು ನೋವಿಗೆ ಮುಖ ಕಿವುಚಿದರು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಏನೋ ಆಗಿತ್ತು, ಅದು ಭಯ.

"ತೆಗೀಬೇಡಿ," ಎಂದೆ.

ಬೆಲ್ ಮತ್ತೆ ಆಯಿತು. ಆಮೇಲೆ ಬಾಗಿಲಿನ ಆಚೆಯಿಂದ ನಿಧಾನವಾದ, ಅಕ್ಕರೆಯ ದನಿ ಕೇಳಿತು.

"ಬಾಗಲಾ ತಗೀ ತಂಗಿ. ಒಳಗ ಬಂದು ಕುಂತು ಮಾತಾಡೂಣು."

ರಾಜಲಕ್ಷ್ಮಿ ಆ ದನಿಯನ್ನು ಗುರುತಿಸಿದರು. ನನ್ನ ಕಡೆ ತಿರುಗಿ, ಇನ್ನೂ ನಂಬಲಾರದೆ, ಪಿಸುಮಾತಿನಲ್ಲಿ ಕೇಳಿದರು:

"ನೀವು ಯಾರ ಕೆಲಸ ಮಾಡ್ತಾ ಇದೀರ?"